ಅಕ್ಕನ ಕೈ ಬಿಡದ ತಮ್ಮ

ಹ್ಯಾಮ್ಲೆಟ್, ಒಥೆಲೊ, ಶೈಲಾಕ್, ಪೋರ್ಷಿಯಾ. ಶೇಕ್ಸ್‌ಪಿಯರ್‌ನ ನಾಟಕಗಳನ್ನು ಮೂಲದಲ್ಲಿ ಓದದ ನಮ್ಮಂಥವರಿಗೂ ಈ ಹೆಸರುಗಳು ಗೊತ್ತು. ಅದಕ್ಕೆ ಬಹುಮಟ್ಟಿಗೆ ಕಾರಣ ಶಾಲೆಯ ಲೈಬ್ರರಿಯಲ್ಲಿ ಸಿಗುವ ಒಂದು ಪುಸ್ತಕ, ‘ಟೇಲ್ಸ್ ಫ್ರಮ್ ಶೇಕ್ಸ್‌ಪಿಯರ್’. ನಾಟಕಗಳನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಕಥೆ ಮಾಡಿದ ಈ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಮೇಲೆ ಇದ್ದದ್ದು ಚಾರ್ಲ್ಸ್ ಲ್ಯಾಂಬ್ ಎಂಬ ಒಂದೇ ಹೆಸರು. ಒಳಗಿದ್ದ 20 ಕಥೆಗಳಲ್ಲಿ ಅವನು ಬರೆದದ್ದು ಆರು. ಉಳಿದ 14 ಕಥೆಗಳನ್ನು ಬರೆದವಳು ಅವನ ಅಕ್ಕ ಮೇರಿ.

ಚಾರ್ಲ್ಸ್ ಲ್ಯಾಂಬ್ ಇಂಗ್ಲಿಷಿನ ದೊಡ್ಡ ಪ್ರಬಂಧಕಾರ. ಕನ್ನಡದ ಲಲಿತ ಪ್ರಬಂಧಗಳ ಬಗ್ಗೆ ಮಾತು ಬಂದಾಗಲೂ ಅವನ ಹೆಸರು ಬರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಪ್ರಬಂಧಗಳಿಗಿಂತ ಹೆಚ್ಚಾಗಿ ಅವನ ಮನೆ. ಮನೋರೋಗವಿದ್ದ ಅಕ್ಕನ ಹೊಣೆಯನ್ನು ಅವನು 38 ವರ್ಷ, ತಾನು ಸಾಯುವವರೆಗೆ ಹೊತ್ತ. ಹೊರಲು ಒಪ್ಪಿಕೊಂಡಾಗ ಅವನಿಗೆ 21 ವರ್ಷ. ಇಂಜಿನಿಯರಿಂಗ್ ಓದುತ್ತಿರುವ ನನಗಿಂತ ಒಂದೇ ವರ್ಷ ದೊಡ್ಡವನು.

ಒಂದೇ ಹೆಗಲ ಮೇಲೆ ಇಡೀ ಮನೆ

ಚಾರ್ಲ್ಸ್ ಹುಟ್ಟಿದ್ದು 1775ರ ಫೆಬ್ರುವರಿ 10ರಂದು, ಲಂಡನ್ನಿನಲ್ಲಿ ವಕೀಲರೇ ತುಂಬಿದ್ದ ಇನ್ನರ್ ಟೆಂಪಲ್ ಎಂಬ ಜಾಗದಲ್ಲಿ. ತಂದೆ ಜಾನ್ ಲ್ಯಾಂಬ್ ಅಲ್ಲಿದ್ದ ಸ್ಯಾಮ್ಯುಯೆಲ್ ಸಾಲ್ಟ್ ಎಂಬ ಹಿರಿಯರ ಬಳಿ ಗುಮಾಸ್ತನೂ ಹೌದು, ಮನೆಯಾಳೂ ಹೌದು. ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಮೂವರು: ಅಣ್ಣ ಜಾನ್, ಅಕ್ಕ ಮೇರಿ, ಕೊನೆಯವನು ಚಾರ್ಲ್ಸ್. ಮೇರಿ ತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಅವನನ್ನು ಎತ್ತಿ ಆಡಿಸಿದವಳು, ಕೈಹಿಡಿದು ನಡೆಸಿದವಳು ಅವಳೇ. ಸಾಲ್ಟ್ ಅವರ ಮನೆಯಲ್ಲಿದ್ದ ಪುಸ್ತಕಗಳನ್ನು ಇಬ್ಬರೂ ಸೇರಿ ಓದಿ ಮುಗಿಸಿದರು.

ಏಳನೇ ವಯಸ್ಸಿಗೆ ಚಾರ್ಲ್ಸ್ ಬಡ ಮಕ್ಕಳಿಗೆಂದು ನಡೆಯುತ್ತಿದ್ದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಗೆ ಸೇರಿದ. ಮುಂದೆ ದೊಡ್ಡ ಕವಿಯಾದ ಕೋಲ್‌ರಿಜ್ ಅಲ್ಲಿ ಅವನ ಗೆಳೆಯ. ಗೆಳೆಯ ಕೇಂಬ್ರಿಜ್‌ಗೆ ಹೋದ. ಚಾರ್ಲ್ಸ್‌ಗೆ ತೊದಲು ಇತ್ತು, ಮನೆಯಲ್ಲಿ ದುಡ್ಡೂ ಇರಲಿಲ್ಲ. 14 ವರ್ಷಕ್ಕೆ ಓದು ನಿಂತಿತು. 1792ರಲ್ಲಿ, 17ನೇ ವಯಸ್ಸಿಗೆ, ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತನಾದ. ಮೊದಲ ಮೂರು ವರ್ಷ ಸಂಬಳವಿಲ್ಲದ ಕೆಲಸ. ಅದೇ ವರ್ಷ ಸಾಲ್ಟ್ ತೀರಿಕೊಂಡರು, ಕುಟುಂಬಕ್ಕೆ ಇದ್ದ ನೆರಳೂ ಹೋಯಿತು. ಹೋಲ್ಬರ್ನ್‌ನ ಲಿಟಲ್ ಕ್ವೀನ್ ಸ್ಟ್ರೀಟ್‌ನಲ್ಲಿ ಒಂದು ಇಕ್ಕಟ್ಟಾದ ಬಾಡಿಗೆ ಮನೆ ಹಿಡಿದರು.

ಆ ಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ತಂದೆಗೆ ಅರಳುಮರಳು. ತಾಯಿ ಕೈಕಾಲು ಸ್ವಾಧೀನವಿಲ್ಲದೆ ಮಲಗಿದ್ದಾಳೆ. ಜೊತೆಗೆ ತಂದೆಯ ಅಕ್ಕ, ಮುದುಕಿ. ಅಣ್ಣ ಜಾನ್‌ಗೆ ಒಳ್ಳೆಯ ಉದ್ಯೋಗವಿತ್ತು, ಅವನು ಬೇರೆ ಮನೆ ಮಾಡಿದ್ದ. ಚಾರ್ಲ್ಸ್ ಬೆಳಿಗ್ಗೆ ಕಚೇರಿಗೆ ಹೋದರೆ ಬರುವುದು ಸಂಜೆಗೆ. ಉಳಿದವಳು ಮೇರಿ. ಹಗಲು ಹೆಂಗಸರ ಬಟ್ಟೆ ಹೊಲಿದು ಸಂಪಾದಿಸಬೇಕು, ಕೆಲಸ ಕಲಿಯಲು ಬಂದ ಹುಡುಗಿಯನ್ನು ನೋಡಿಕೊಳ್ಳಬೇಕು. ರಾತ್ರಿ ತಾಯಿಯ ಪಕ್ಕದಲ್ಲೇ ಮಲಗಿ ಅವಳ ಸೇವೆ ಮಾಡಬೇಕು. ವರ್ಷಗಟ್ಟಲೆ ನಿದ್ದೆಯಿಲ್ಲ. ಮೇರಿಗೆ ಹಿಂದೆಯೂ ಮನಸ್ಸಿನ ಕಾಯಿಲೆ ಕಾಣಿಸಿಕೊಂಡಿತ್ತು. ಚಾರ್ಲ್ಸ್ ಕೂಡ 1795ರ ಕೊನೆಯಲ್ಲಿ ಮನಸ್ಸಿನ ತೋಲ ತಪ್ಪಿ ಹಾಕ್ಸ್‌ಟನ್‌ನ ಹುಚ್ಚಾಸ್ಪತ್ರೆಯಲ್ಲಿ ಆರು ವಾರ ಇದ್ದು ಬಂದಿದ್ದ. ಹಾಗಿದ್ದರೂ ಆ ಮನೆಯ ಅಷ್ಟೂ ಆರೈಕೆ ಮೇರಿಯೊಬ್ಬಳ ತಲೆಯ ಮೇಲೇ ಇತ್ತು.

1796ರ ಸೆಪ್ಟೆಂಬರ್‌ನಲ್ಲಿ ಅವಳ ಸ್ಥಿತಿ ಕೆಡತೊಡಗಿದ್ದು ಮನೆಯವರಿಗೆ ಕಂಡಿತು. 22ರ ಬೆಳಿಗ್ಗೆ ಚಾರ್ಲ್ಸ್ ವೈದ್ಯರನ್ನು ಹುಡುಕಿಕೊಂಡು ಹೋದ. ವೈದ್ಯರು ಸಿಗಲಿಲ್ಲ. ಅದೇ ದಿನ, ಊಟಕ್ಕೆ ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ, ಮೇರಿ ಮೇಜಿನ ಮೇಲಿದ್ದ ಚಾಕು ಹಿಡಿದು ಹೊಲಿಗೆಯ ಹುಡುಗಿಯನ್ನು ಅಟ್ಟಿಸಿಕೊಂಡು ಹೋದಳು. ತಡೆಯಲು ಕೂಗಿಕೊಂಡ ತಾಯಿಗೆ ಇರಿದಳು. ತಂದೆಯ ಹಣೆಗೂ ಗಾಯವಾಯಿತು. ಚಾರ್ಲ್ಸ್ ಓಡಿಬಂದು ಅಕ್ಕನ ಕೈಯಿಂದ ಚಾಕು ಕಿತ್ತುಕೊಳ್ಳುವಷ್ಟರಲ್ಲಿ ತಾಯಿ ಸತ್ತಿದ್ದಳು.

ಈ ಘಟನೆಯನ್ನು ಓದುವಾಗ ಭಯವಾಗುತ್ತದೆ. ಹಾಗೆಂದು ಮನೋರೋಗಿಗಳೆಂದರೆ ಅಪಾಯಕಾರಿಗಳು ಎಂದು ತಿಳಿಯುವುದು ತಪ್ಪು. ಮನಸ್ಸಿನ ಕಾಯಿಲೆ ಇರುವ ಬಹುಪಾಲು ಜನ ಯಾರಿಗೂ ಒಂದು ಪೆಟ್ಟೂ ಕೊಡದೆ ಬದುಕುತ್ತಾರೆ. ಮೇರಿಯೂ ಅದಾದ ಮೇಲೆ 50 ವರ್ಷ ಬದುಕಿದಳು, ಇನ್ನೊಬ್ಬರ ಜೀವಕ್ಕೆ ಕುತ್ತು ತರಲಿಲ್ಲ. ನಾವು ಗಮನಿಸಬೇಕಾದದ್ದು ಆ ದಿನಕ್ಕಿಂತ ಮೊದಲಿನ ವರ್ಷಗಳನ್ನು. ಅಲ್ಲಿ ಆರೈಕೆ ಮಾಡುತ್ತಿದ್ದವಳೇ ಕಾಯಿಲೆಯವಳಾಗಿದ್ದಳು, ಅವಳನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ.

21ರ ಹುಡುಗನ ಲೆಕ್ಕ

ಮಾರನೇ ದಿನ ಪಂಚನಾಮೆ ನಡೆಯಿತು. ಬುದ್ಧಿಭ್ರಮಣೆಯಲ್ಲಿ ಆದ ಕೃತ್ಯ ಎಂದು ಪಂಚರು ತೀರ್ಮಾನಿಸಿದರು. ಮೇರಿಯನ್ನು ಇಸ್ಲಿಂಗ್ಟನ್‌ನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಲಾಯಿತು.

ಸಾವಿನ ಮನೆಗೆ ನೆಂಟರಿಷ್ಟರು ಬಂದರು. ಎರಡನೇ ದಿನದ ಸಂಜೆ ಸುಮಾರು 20 ಜನ ಅದೇ ಕೋಣೆಯಲ್ಲಿ ಊಟಕ್ಕೆ ಕೂತಿದ್ದರು. ಅವರು ಚಾರ್ಲ್ಸ್‌ನನ್ನೂ ಬಲವಂತ ಮಾಡಿ ಕೂರಿಸಿದರು. ಪಕ್ಕದ ಕೋಣೆಯಲ್ಲೇ ಅಮ್ಮನ ಶವ ಇದೆ ಎಂಬುದು ನೆನಪಾಗಿ ಅವನು ಎದ್ದು ಹೋದ, ಶವಪೆಟ್ಟಿಗೆಯ ಬಳಿ ಮಂಡಿಯೂರಿ ಕ್ಷಮೆ ಕೇಳಿದ. ಇಡೀ ಮನೆ ಈಗ ತನ್ನ ಮೇಲೆ ನಿಂತಿದೆ ಎಂದು ಅವನಿಗೆ ಗೊತ್ತಾಗಿತ್ತು. ಕೋಲ್‌ರಿಜ್‌ಗೆ ಬರೆದ ಪತ್ರಗಳಲ್ಲಿ ಅವನು ಇದನ್ನೆಲ್ಲ ಹೇಳಿಕೊಂಡ. ಬರೆದಿಟ್ಟಿದ್ದ ಪದ್ಯಗಳನ್ನು ಸುಟ್ಟುಹಾಕಿದ.

ಕೆಲವೇ ದಿನಗಳಲ್ಲಿ ಮೇರಿಗೆ ಬುದ್ಧಿ ತಿಳಿಯಾಯಿತು, ಏನಾಯಿತೆಂಬುದೂ ಅರ್ಥವಾಯಿತು. ಆಗ ಹುಟ್ಟಿದ ಪ್ರಶ್ನೆ: ಮುಂದೇನು? ಅಣ್ಣ ಜಾನ್‌ನ ಪ್ರಕಾರ ಅವಳು ಬದುಕಿರುವವರೆಗೂ ಆಸ್ಪತ್ರೆಯಲ್ಲೇ ಇರಬೇಕು. ಲಂಡನ್ನಿನ ದೊಡ್ಡ ಹುಚ್ಚಾಸ್ಪತ್ರೆ ಬೆಥ್ಲೆಂ. ಅಲ್ಲಿ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುತ್ತಿದ್ದ ಕಾಲ ಅದು. ಚಾರ್ಲ್ಸ್ ಒಪ್ಪಲಿಲ್ಲ. ಕೂತು ಲೆಕ್ಕ ಹಾಕಿದ. ತನ್ನ ಸಂಬಳ, ತಂದೆಗೆ ಬರುವ ಹಣ ಎಲ್ಲ ಸೇರಿ ವರ್ಷಕ್ಕೆ 170ರಿಂದ 180 ಪೌಂಡ್. ಅದರಲ್ಲಿ 50ರಿಂದ 60 ಪೌಂಡ್ ಅಕ್ಕನಿಗೆಂದೇ ಎತ್ತಿಟ್ಟರೆ ಅವಳು ಇಸ್ಲಿಂಗ್ಟನ್‌ನಲ್ಲಿ ಮರ್ಯಾದೆಯಿಂದ ಇರಬಹುದು. ಉಳಿದದ್ದರಲ್ಲಿ ತಾನು, ಅಪ್ಪ, ಒಬ್ಬ ಮುದಿ ಕೆಲಸದವಳು ಬದುಕಬಹುದು. ಅಲ್ಲಿ ನೋಡಿಕೊಳ್ಳುತ್ತಿದ್ದ ತಾಯಿ ಮಗಳು ಇಬ್ಬರೂ ಮೇರಿಯನ್ನು ಮನೆಯವಳಂತೆ ಕಾಣುತ್ತಿದ್ದಾರೆ ಎಂಬುದೂ ಅವನಿಗೆ ಮುಖ್ಯವಾಗಿತ್ತು. ಅಕ್ಕನ ಪೂರ್ತಿ ಹೊಣೆ ತನ್ನದು ಎಂದು ಅವನು ಮಾತು ಕೊಟ್ಟ.

ಮುಂದಿನ ವರ್ಷ ಮೇರಿಯನ್ನು ಹ್ಯಾಕ್ನಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇರಿಸಿದ. ಪ್ರತಿ ಭಾನುವಾರ, ಪ್ರತಿ ರಜೆಯ ದಿನ ಅವಳೊಂದಿಗೆ. ಉಳಿದ ಸಂಜೆಗಳಲ್ಲಿ ಅರಳುಮರಳಿನ ತಂದೆಯ ಜೊತೆ ಇಸ್ಪೀಟು ಆಡುವುದು. ಕಚೇರಿಯಿಂದ ದಣಿದು ಬಂದರೂ ಆಟ ಬೇಡ ಎನ್ನುವ ಹಾಗಿರಲಿಲ್ಲ. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಅಕ್ಕನನ್ನು ಮನೆಗೆ ಕರೆತಂದ. ನಮ್ಮ ಶ್ರೀರಂಗಪಟ್ಟಣ ಕಂಪನಿಯ ಕೈಗೆ ಬಿದ್ದ ವರ್ಷವೂ ಅದೇ. ಅಲ್ಲಿಂದ ಸಾಗಿಸಿದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಜನರಿಗೆ ತೋರಿಸುತ್ತಿದ್ದದ್ದು ಲೆಡನ್‌ಹಾಲ್ ಬೀದಿಯ ಕಂಪನಿ ಕಟ್ಟಡದಲ್ಲಿ, ಚಾರ್ಲ್ಸ್ ದಿನವೂ ಲೆಕ್ಕ ಬರೆಯುತ್ತಿದ್ದ ಅದೇ ಕಟ್ಟಡದಲ್ಲಿ.

ಇಲ್ಲಿ ಕಾನೂನಿನ ಒಂದು ವಿಷಯ ಹೇಳಬೇಕು. 1800ರಲ್ಲಿ ಹ್ಯಾಡ್‌ಫೀಲ್ಡ್ ಎಂಬ ಮಾಜಿ ಸೈನಿಕ ಲಂಡನ್ನಿನ ನಾಟಕಶಾಲೆಯಲ್ಲಿ ರಾಜ ಮೂರನೇ ಜಾರ್ಜ್ ಮೇಲೆ ಗುಂಡು ಹಾರಿಸಿದ. ಅವನಿಗೆ ಬುದ್ಧಿಭ್ರಮಣೆ ಎಂದು ಸಾಬೀತಾಯಿತು. ಅದರ ಬೆನ್ನಿಗೇ ಹೊಸ ಕಾನೂನು ಬಂತು: ಹೀಗೆ ಬಿಡುಗಡೆಯಾದವರನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡಬೇಕು. ಮೇರಿಯ ಪ್ರಕರಣ ನಡೆದದ್ದು ಅದಕ್ಕೆ ನಾಲ್ಕು ವರ್ಷ ಮೊದಲು. ಆಗ ಮನೆಯವರು ಹೊಣೆ ಹೊತ್ತರೆ ಸಾಕಿತ್ತು. ನಾಲ್ಕು ವರ್ಷ ತಡವಾಗಿದ್ದರೆ ನಮ್ಮ ಕೈಗೆ ಆ 14 ಕಥೆಗಳು ಬರುತ್ತಿದ್ದವೋ ಇಲ್ಲವೋ.

ಹೊಲದ ದಾರಿಯ ನಡಿಗೆ

ಮೇರಿಯ ಕಾಯಿಲೆ ವಾಸಿಯಾಗಿ ಹೋಗುವಂಥದ್ದಾಗಿರಲಿಲ್ಲ. ಕೆಲವು ತಿಂಗಳು ಚೆನ್ನಾಗಿರುತ್ತಿದ್ದಳು, ಮತ್ತೆ ಮರುಕಳಿಸುತ್ತಿತ್ತು. ಇವತ್ತು ಇರುವ ಔಷಧಗಳು ಯಾವುವೂ ಆಗ ಇರಲಿಲ್ಲ. ಇದ್ದದ್ದು ಅಕ್ಕ ತಮ್ಮ ಸೇರಿ ಕಲಿತ ಒಂದು ಕ್ರಮ.

ಕಾಯಿಲೆ ಬರುವ ಮುನ್ಸೂಚನೆಗಳನ್ನು ಇಬ್ಬರೂ ಗುರುತು ಹಿಡಿಯುತ್ತಿದ್ದರು. ನಿದ್ದೆ ಹೋಗುವುದು, ಸಣ್ಣದಕ್ಕೂ ಸಿಡಿಮಿಡಿ, ಮಾತಿನ ಓಟ. ಸೂಚನೆ ಕಂಡ ಕೂಡಲೇ ಚಾರ್ಲ್ಸ್ ಕಚೇರಿಯಲ್ಲಿ ಎಲ್ಲೋ ಸುತ್ತಾಡಲು ಹೋಗುವವನ ಹಾಗೆ ರಜೆ ಕೇಳುತ್ತಿದ್ದ. ನಂತರ ಇಬ್ಬರೂ ಹಾಕ್ಸ್‌ಟನ್‌ನ ಆಸ್ಪತ್ರೆಗೆ ಹೊಲಗಳ ನಡುವಿನ ಹಾದಿಯಲ್ಲಿ ನಡೆದು ಹೋಗುತ್ತಿದ್ದರು. ಒಮ್ಮೆ ಅವರ ಗೆಳೆಯನೊಬ್ಬ ದಾರಿಯಲ್ಲಿ ಎದುರಾದ. ಅಕ್ಕ ತಮ್ಮ ಕೈಕೈ ಹಿಡಿದು ಅಳುತ್ತಾ ನಡೆಯುತ್ತಿದ್ದರು. ಊರಿಂದೂರಿಗೆ ಪ್ರಯಾಣ ಹೊರಟರೆ, ರೋಗಿಯ ತೋಳುಗಳನ್ನು ಬಿಗಿದು ಕಟ್ಟುವ ಅಂಗಿಯೂ ಅವರ ಸಾಮಾನಿನ ಜೊತೆ ಇರುತ್ತಿತ್ತು. ಅದನ್ನು ಪೆಟ್ಟಿಗೆಗೆ ಮಡಚಿ ಇಡುತ್ತಿದ್ದವಳು ಸ್ವತಃ ಮೇರಿ ಎಂದು ಅವರನ್ನು ಬಲ್ಲವರು ಬರೆದಿದ್ದಾರೆ.

ಈ ಚಿತ್ರ ಕರುಳು ಹಿಂಡುತ್ತದೆ ನಿಜ. ಆದರೆ ಇನ್ನೊಂದು ದೃಷ್ಟಿಯಿಂದ ನೋಡಿ. ಅಲ್ಲಿ ಯಾರೂ ಯಾರನ್ನೂ ಎಳೆದುಕೊಂಡು ಹೋಗುತ್ತಿಲ್ಲ. ಮೋಸ ಮಾಡಿ ಗಾಡಿ ಹತ್ತಿಸುತ್ತಿಲ್ಲ. ತಿಳಿಯಾದ ಮನಸ್ಸಿನಲ್ಲಿದ್ದಾಗಲೇ ಮೇರಿ ತೀರ್ಮಾನದಲ್ಲಿ ಪಾಲ್ಗೊಂಡಿದ್ದಾಳೆ. ತಮ್ಮ ಅವಳನ್ನು ಬಿಟ್ಟು ಬರಲು ಹೋಗುತ್ತಾನೆ, ಕೆಲವು ವಾರಗಳ ನಂತರ ಕರೆದುಕೊಂಡು ಬರಲೂ ಹೋಗುತ್ತಾನೆ. ಆಸ್ಪತ್ರೆಗೂ ಮನೆಗೂ ನಡುವಿನ ಆ ದಾರಿ ಯಾವತ್ತೂ ಮುಚ್ಚಲಿಲ್ಲ.

ಚೆನ್ನಾಗಿದ್ದಾಗ ಮೇರಿ ಆ ಮನೆಯ ಯಜಮಾನಿ. ಟೆಂಪಲ್‌ನಲ್ಲಿ ಅವರು ಹಿಡಿದ ಮನೆಯಲ್ಲಿ ವಾರಕ್ಕೊಂದು ಸಂಜೆ ಇಸ್ಪೀಟು, ಊಟ, ಹರಟೆ. ವರ್ಡ್ಸ್‌ವರ್ತ್, ಕೋಲ್‌ರಿಜ್, ಹ್ಯಾಜ್ಲಿಟ್, ಗಾಡ್ವಿನ್ ಎಲ್ಲ ಅಲ್ಲಿಗೆ ಬರುತ್ತಿದ್ದರು, ಮೇರಿಯ ಮಾತಿಗೆ ಬೆಲೆ ಕೊಡುತ್ತಿದ್ದರು. ಶೇಕ್ಸ್‌ಪಿಯರ್ ಕಥೆಗಳನ್ನು ಅಕ್ಕ ತಮ್ಮ ಒಂದೇ ಮೇಜಿನ ಎದುರು ಕೂತು ಬರೆದರು. ಸುಖಾಂತ ನಾಟಕಗಳು ಅವಳ ಪಾಲಿಗೆ, ದುರಂತಗಳು ಅವನ ಪಾಲಿಗೆ. 1815ರಲ್ಲಿ ಹೆಂಗಸರ ಹೊಲಿಗೆ ಕೆಲಸದ ಕುರಿತು ಅವಳು ಒಂದು ಪತ್ರಿಕೆಗೆ ಗಟ್ಟಿಯಾದ ಲೇಖನ ಬರೆದಳು. ಚಿಕ್ಕ ಹುಡುಗಿಯರಿಗೆ ಲ್ಯಾಟಿನ್ ಹೇಳಿಕೊಟ್ಟಳು. ‘ಎಲಿಯಾ’ ಎಂಬ ಹೆಸರಿನಲ್ಲಿ ಚಾರ್ಲ್ಸ್ ಬರೆದ ಪ್ರಸಿದ್ಧ ಪ್ರಬಂಧಗಳಲ್ಲಿ ಬರುವ ಬ್ರಿಜೆಟ್ ಎಂಬ ಕಸಿನ್ ಈ ಮೇರಿಯೇ. ಓದುವವರಿಗೆ ಅಲ್ಲಿ ಕಾಣುವುದು ಪುಸ್ತಕಪ್ರಿಯಳಾದ, ಸ್ವಂತ ಅಭಿಪ್ರಾಯವುಳ್ಳ ಒಬ್ಬ ಹೆಂಗಸು. ಕಾಯಿಲೆಯ ಸುಳಿವು ಎಲ್ಲೂ ಇಲ್ಲ.

ಸವೆದವನು

ಇಲ್ಲಿಗೇ ನಿಲ್ಲಿಸಿದರೆ ಇದು ತ್ಯಾಗದ ಸುಂದರ ಕಥೆಯಾಗುತ್ತದೆ. ಆದರೆ ಚಾರ್ಲ್ಸ್ ಕೊಟ್ಟ ಬೆಲೆಯನ್ನೂ ಹೇಳಬೇಕು.

ಸುದ್ದಿ ಹಬ್ಬಿದಲ್ಲೆಲ್ಲ ಬಾಡಿಗೆ ಮನೆ ಉಳಿಯುವುದು ಕಷ್ಟವಾಗುತ್ತಿತ್ತು. ತಾವು ಗುರುತು ಹಾಕಲ್ಪಟ್ಟವರು ಎಂಬ ಭಾವನೆ ಅವನನ್ನು ಬಿಡಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಎಷ್ಟೋ ಸಲ ಗಂಟುಮೂಟೆ ಕಟ್ಟಿದರು. 1800ರ ಮೇ ತಿಂಗಳಲ್ಲಿ ಮನೆಯ ಮುದಿ ಕೆಲಸದವಳು ತೀರಿಕೊಂಡಳು. ಆ ಆಯಾಸ, ದುಃಖದಲ್ಲಿ ಮೇರಿ ಮತ್ತೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು. ಚಾರ್ಲ್ಸ್ ಒಬ್ಬನೇ, ಮನೆಯಲ್ಲಿ ಒಂದು ಶವದ ಜೊತೆ. ಮೇರಿ ಸತ್ತಿದ್ದರೆ ಒಳ್ಳೆಯದಿತ್ತು ಎನ್ನುವ ಮಟ್ಟಕ್ಕೆ ಅಂದು ಅವನ ಮನಸ್ಸು ಇಳಿದಿತ್ತು.

ಅವನು ಮದುವೆಯಾಗಲಿಲ್ಲ. 1819ರಲ್ಲಿ, 44ನೇ ವಯಸ್ಸಿನಲ್ಲಿ, ಫ್ಯಾನಿ ಕೆಲ್ಲಿ ಎಂಬ ನಟಿಗೆ ಪತ್ರ ಬರೆದು ಮದುವೆಯ ಪ್ರಸ್ತಾಪ ಮಾಡಿದ. ಆಕೆ ಅಂದೇ ಮರ್ಯಾದೆಯಿಂದ ಬೇಡವೆಂದಳು. ಆ ಮನೆಯಲ್ಲಿರುವ ಕಾಯಿಲೆಯ ನೆರಳಿಗೆ ತಾನು ಹೋಗಲಾರೆ ಎಂದು ಆಕೆ ತನ್ನ ಸೋದರಿಗೆ ಹೇಳಿಕೊಂಡಳು. ಚಾರ್ಲ್ಸ್‌ಗೆ ಕುಡಿತ ಅಂಟಿತು. ಗೆಳೆಯರ ನಡುವೆ ನಗಿಸುತ್ತಲೇ ಇರುತ್ತಿದ್ದ ಮನುಷ್ಯ ಮನೆ ಖಾಲಿಯಾದ ರಾತ್ರಿಗಳಲ್ಲಿ ಕುಸಿದು ಕೂರುತ್ತಿದ್ದ. ಅಕ್ಕನಿಗೆ ಕಾಯಿಲೆ ಬಂದಾಗ ಹೋಗಲು ಒಂದು ಆಸ್ಪತ್ರೆಯಿತ್ತು. ಅವಳನ್ನು ಬಿಟ್ಟು ಬಂದ ತಮ್ಮನಿಗೆ ಹೋಗಲು ಎಲ್ಲಿಯೂ ಜಾಗವಿರಲಿಲ್ಲ.

1825ರಲ್ಲಿ, 33 ವರ್ಷದ ಚಾಕರಿಯ ನಂತರ, ಕಂಪನಿ ಅವನಿಗೆ ವರ್ಷಕ್ಕೆ 450 ಪೌಂಡ್ ಪಿಂಚಣಿ ಕೊಟ್ಟಿತು. ಅದರಲ್ಲಿ ಒಂಬತ್ತು ಪೌಂಡ್ ಮುರಿದುಕೊಂಡು ಕೈಗೆ ಬಂದದ್ದು 441. ತಾನು ಮೊದಲು ಸತ್ತರೆ ಅಕ್ಕನಿಗೆ ಏನಾದರೂ ಸಿಗಲಿ ಎಂದು ಆದ ಏರ್ಪಾಡು ಆ ಒಂಬತ್ತು ಪೌಂಡ್. ಕಾಯಿಲೆಯವರನ್ನು ನೋಡಿಕೊಳ್ಳುವ ಪ್ರತಿ ಮನೆಯಲ್ಲೂ ರಾತ್ರಿ ಕಾಡುವ ಪ್ರಶ್ನೆ ಇದು: ನನ್ನ ನಂತರ ಯಾರು? ಚಾರ್ಲ್ಸ್‌ನ ಉತ್ತರ ಪಿಂಚಣಿಯ ಲೆಕ್ಕದಲ್ಲಿತ್ತು.

ಮೇರಿ ಬರೆದ ಪತ್ರ

ಅಕ್ಕ ತಮ್ಮನ ಬದುಕಿನಲ್ಲಿ ನನಗೆ ಬಹಳ ಮುಖ್ಯವೆನಿಸಿದ ಒಂದು ವಿಷಯಕ್ಕೆ ಬರುತ್ತೇನೆ. ಮೇರಿಗೆ ಸಾರಾ ಸ್ಟಾಡರ್ಟ್ ಎಂಬ ಗೆಳತಿ ಇದ್ದಳು. 1805ರ ಸುಮಾರಿಗೆ ಸಾರಾಳ ತಾಯಿಗೂ ಬುದ್ಧಿಭ್ರಮಣೆಯಾಯಿತು. ಮಗಳು ಕಂಗಾಲಾದಳು. ಆಗ ಮೇರಿ ಅವಳಿಗೆ ಪತ್ರ ಬರೆದಳು.

ನಿನ್ನ ತಾಯಿಯ ಕಾಯಿಲೆಯ ಬಗ್ಗೆ ಅತಿಯಾಗಿ ಕೊರಗಬೇಡ ಎಂದಳು. ಆರೋಗ್ಯವಂತರು ಊಹಿಸುವಷ್ಟು ನರಳಾಟ ಆ ಸ್ಥಿತಿಯಲ್ಲಿ ಇರುವುದಿಲ್ಲ, ಇದು ತನ್ನ ಅನುಭವದ ಮಾತು ಎಂದಳು. ಆದರೆ ಒಂದು ವಿಷಯವನ್ನು ಒತ್ತಿ ಹೇಳಿದಳು: ತಾಯಿಯನ್ನು ಮೃದುವಾಗಿ ನಡೆಸಿಕೊಳ್ಳುತ್ತಿದ್ದಾರೆಯೇ ಎಂಬುದನ್ನು ಮಾತ್ರ ಖಾತ್ರಿ ಮಾಡಿಕೋ. ಆ ಸ್ಥಿತಿಯಲ್ಲಿರುವವರಿಗೆ ದಯೆಯೂ ನಿರ್ದಯೆಯೂ ತುಂಬ ನಾಟುತ್ತದೆ, ಸಂಬಳದ ದಾದಿಯರಿಗೆ ಇದು ತಿಳಿಯುವುದೇ ಇಲ್ಲ. ನೀನು ಸದಾ ಪಕ್ಕದಲ್ಲೇ ಕೂರಬೇಕಾಗಿಲ್ಲ. ಆದರೆ ನಿನ್ನ ಕಣ್ಣಿಂದಲೇ ನೋಡಿಕೊಂಡು ಬಾ.

ಮನೋರೋಗಿಯ ಆರೈಕೆಯಲ್ಲಿ ಮನೆಯವರ ಪಾಲು ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ಹೇಳಿದವಳು ವೈದ್ಯೆಯಲ್ಲ, ಕಾಯಿಲೆಯನ್ನು ಒಳಗಿನಿಂದ ಕಂಡವಳು. ಎಲ್ಲವನ್ನೂ ನೀನೇ ಹೊರಬೇಡ, ಆದರೆ ನಿನ್ನ ಕಣ್ಣು ತಪ್ಪಿಸಬೇಡ. ಚಿಕಿತ್ಸೆ ಬಲ್ಲವರು ಮಾಡಲಿ, ಮನೆಯವರು ಆ ಚಿಕಿತ್ಸೆಯಲ್ಲಿ ಮನುಷ್ಯತ್ವ ಉಳಿದಿದೆಯೇ ಎಂದು ನೋಡಲಿ. ಹಗಲಿರುಳು ಒಬ್ಬಳೇ ತಾಯಿಯನ್ನು ನೋಡಿಕೊಂಡು ಕುಸಿದವಳು ಈ ಸಲಹೆ ಕೊಡುತ್ತಿದ್ದಾಳೆ ಎಂಬುದನ್ನು ಮರೆಯಬಾರದು.

ಕೊನೆಯ ದಿನಗಳು

ವಯಸ್ಸಾದಂತೆ ಮೇರಿಯ ಕಾಯಿಲೆಯ ದಿನಗಳು ಉದ್ದವಾದವು. ವರ್ಷದ ಅರ್ಧ ಭಾಗ ಅವಳು ಈ ಲೋಕದಲ್ಲಿ ಇರುತ್ತಿರಲಿಲ್ಲ. ಇಬ್ಬರೂ ಸಾಕಿಕೊಂಡಿದ್ದ ಎಮ್ಮಾ ಐಸೋಲಾ ಎಂಬ ಅನಾಥ ಹುಡುಗಿ 1833ರಲ್ಲಿ ಮದುವೆಯಾಗಿ ಹೋದಳು. ಅದೇ ವರ್ಷ ಚಾರ್ಲ್ಸ್ ಒಂದು ನಿರ್ಧಾರ ಮಾಡಿದ. ಎಡ್ಮಂಟನ್‌ನಲ್ಲಿ ಮನೋರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದ ದಂಪತಿಯ ಮನೆಯೊಂದಿತ್ತು. ಮೇರಿ ಅಲ್ಲಿದ್ದಳು. ಕರೆತರುವುದು, ಬಿಟ್ಟು ಬರುವುದು ಸಾಕಾಯಿತು ಎಂದು ಚಾರ್ಲ್ಸ್ ತಾನೇ ಅಲ್ಲಿಗೆ ಹೋಗಿ ಇರತೊಡಗಿದ.

1834ರ ಜುಲೈನಲ್ಲಿ ಕೋಲ್‌ರಿಜ್ ಸತ್ತ. ಐದು ತಿಂಗಳ ನಂತರ ದಾರಿಯಲ್ಲಿ ನಡೆಯುವಾಗ ಚಾರ್ಲ್ಸ್ ಎಡವಿ ಬಿದ್ದ. ಮುಖಕ್ಕಾದ ಸಣ್ಣ ಗಾಯ ನಂಜಾಯಿತು. ಡಿಸೆಂಬರ್ 27ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡ. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕನಿಗಿಂತ 12 ವರ್ಷ ಮೊದಲೇ ಹೋದ. ಮೇರಿಯನ್ನು ಗೆಳೆಯರು ಕೈಬಿಡಲಿಲ್ಲ. 1847ರ ಮೇ 20ರಂದು, 82ನೇ ವಯಸ್ಸಿನಲ್ಲಿ ಅವಳು ಸತ್ತಾಗ ತಮ್ಮನ ಪಕ್ಕದಲ್ಲೇ ಮಣ್ಣು ಮಾಡಿದರು. 1796ರ ಆ ದಿನದ ಸತ್ಯವನ್ನು ಗೆಳೆಯರು ಪುಸ್ತಕದಲ್ಲಿ ಬರೆದದ್ದೂ ಅವಳು ಹೋದ ಮೇಲೆಯೇ. ಅವಳಿರುವವರೆಗೂ ಗುಟ್ಟನ್ನು ಕಾಪಾಡಿದರು.

ನಮ್ಮ ಮನೆಗಳಲ್ಲಿ

ಇದೆಲ್ಲ 200 ವರ್ಷ ಹಿಂದಿನ ಲಂಡನ್ನಿನ ಕಥೆ. ಅಲ್ಲಿಂದ ಇಲ್ಲಿಗೆ ಎಷ್ಟೋ ಬದಲಾಗಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆಗಳನ್ನು ಹಾಕಿಸಿ, ರೋಗಿಗಳ ಜೊತೆ ಅವರ ಮನೆಯವರೂ ಉಳಿಯುವಂತೆ ಮಾಡಿದರು. ಕಾಯಿಲೆ ಏನು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಮನೆಯವರು ಅಲ್ಲೇ ಕಲಿತರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬವನ್ನೂ ಕೂರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ತನಗೆ ಕಾಯಿಲೆ ಹೆಚ್ಚಾದಾಗ ತನ್ನ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ಚೆನ್ನಾಗಿರುವಾಗಲೇ ರೋಗಿಯೇ ಬರೆದುಕೊಡಬಹುದು. ಮೇರಿ ಮತ್ತು ಚಾರ್ಲ್ಸ್ ತಮ್ಮ ತಮ್ಮಲ್ಲೇ ಮಾಡಿಕೊಂಡಿದ್ದ ಒಪ್ಪಂದ ನಮ್ಮಲ್ಲಿ ಈಗ ಕಾನೂನು.

ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ 1796 ನಡೆಯುತ್ತಿದೆ. ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಮನೆಯಲ್ಲಿ ಒಬ್ಬರಿಗೇ ಬಿದ್ದಿರುತ್ತದೆ. ಹೆಚ್ಚಾಗಿ ಅಮ್ಮನಿಗೆ, ಇಲ್ಲವೇ ಮದುವೆಯಾಗದ ಅಕ್ಕನಿಗೆ, ಸೊಸೆಗೆ. ಉಳಿದವರು ಹಣ ಕಳಿಸುತ್ತಾರೆ, ಸಲಹೆ ಕೊಡುತ್ತಾರೆ, ಹಬ್ಬಕ್ಕೆ ಬಂದು ಹೋಗುತ್ತಾರೆ. ನೆಂಟರಿಗೆ ಗೊತ್ತಾಗಬಾರದು, ತಂಗಿಯ ಮದುವೆ ಆಗಬೇಕು ಎಂದು ವಿಷಯ ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟೂ ಸಹಾಯಕ್ಕೆ ಬರುವವರು ಕಡಿಮೆಯಾಗುತ್ತಾರೆ. ನಮ್ಮ ಕಾಲೇಜುಗಳಲ್ಲೂ ಅಷ್ಟೇ. ಅಪ್ಪನಿಗೆ ಹಾರ್ಟ್ ಆಪರೇಷನ್ ಎಂದು ರಜೆ ಕೇಳುವವನು, ಅಣ್ಣನನ್ನು ಮನೋವೈದ್ಯರ ಬಳಿ ಕರೆದೊಯ್ಯಬೇಕು ಎಂದು ಕೇಳಲಾರ. ಚಾರ್ಲ್ಸ್‌ನ ಹಾಗೆ ಬೇರೇನೋ ನೆಪ ಹೇಳುತ್ತಾನೆ.

ಇಂಜಿನಿಯರಿಂಗ್‌ನಲ್ಲಿ ನಮಗೆ ಮೊದಲು ಕಲಿಸುವ ಪಾಠಗಳಲ್ಲಿ ಭಾರ ಹಂಚುವುದೂ ಒಂದು. ಒಂದೇ ಕಂಬದ ಮೇಲೆ ಇಡೀ ಚಾವಣಿ ಹೊರಿಸಿದರೆ ಕಂಬ ಎಷ್ಟೇ ಗಟ್ಟಿಯಾಗಿರಲಿ, ಒಂದು ದಿನ ಬಿರುಕು ಬಿಡುತ್ತದೆ. ಆಗ ಕಂಬವನ್ನು ಬೈದು ಪ್ರಯೋಜನವಿಲ್ಲ. ಮೇರಿ ಮೊದಲು ಆ ಕಂಬವಾಗಿದ್ದಳು, ನಂತರ ಚಾರ್ಲ್ಸ್ ಆದ. ಅಣ್ಣ ಜಾನ್ ಒಂದಿಷ್ಟು ಹೆಗಲು ಕೊಟ್ಟಿದ್ದರೆ ಇಬ್ಬರ ಬದುಕೂ ಸ್ವಲ್ಪ ಹಗುರಾಗುತ್ತಿತ್ತು. ಅಕ್ಕನನ್ನು ಪ್ರೀತಿಸಿದ ಚಾರ್ಲ್ಸ್‌ನನ್ನು ಹೊಗಳುವುದು ಸುಲಭ. ಅವನೊಬ್ಬನೇ ಅಷ್ಟನ್ನು ಹೊರಬೇಕಾಗಿ ಬಂದದ್ದು ಹೊಗಳುವ ವಿಷಯವಲ್ಲ.

ನಮ್ಮ ವಯಸ್ಸಿನವರು ವೈದ್ಯರಾಗಬೇಕಿಲ್ಲ. ಮಾಡಬಹುದಾದ ಸಣ್ಣ ಕೆಲಸಗಳಿವೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಮಾತ್ರೆಯ ಸಮಯ, ನಿದ್ದೆ ಕೆಡುವ ಸೂಚನೆ, ವೈದ್ಯರ ಮುಂದಿನ ಭೇಟಿಯ ದಿನ ಇವುಗಳನ್ನು ಅಮ್ಮನೊಬ್ಬಳಿಗೇ ಬಿಡದೆ ನಾವೂ ತಿಳಿದುಕೊಳ್ಳಬಹುದು. ವೈದ್ಯರ ಬಳಿ ಒಂದು ಸಲ ನಾವೂ ಹೋಗಿ ಪಕ್ಕದಲ್ಲಿ ಕೂರಬಹುದು. ತುರ್ತು ಎನಿಸಿದರೆ, ಇಲ್ಲವೇ ಯಾರನ್ನು ಕೇಳುವುದೆಂದೇ ತೋಚದಿದ್ದರೆ, 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಯೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ಗೆಳೆಯನ ಮನೆಯಲ್ಲಿ ಇಂಥ ಕಷ್ಟವಿದ್ದರೆ ಕಾಯಿಲೆಯವರು ಹೇಗಿದ್ದಾರೆ ಎಂದು ಕೇಳುತ್ತೇವೆ. ಕೇಳೋಣ. ಅದರ ಜೊತೆಗೆ, ಅವರನ್ನು ನೋಡಿಕೊಳ್ಳುತ್ತಿರುವವರು ನಿನ್ನೆ ರಾತ್ರಿ ನಿದ್ದೆ ಮಾಡಿದರೇ ಎಂದೂ ಕೇಳೋಣ. ಇಲ್ಲ ಎಂದರೆ, ಒಂದು ಮಧ್ಯಾಹ್ನ ನಾನು ಬಂದು ಕೂರುತ್ತೇನೆ, ನೀವು ಮಲಗಿ ಎನ್ನೋಣ.